‘ಸರ್ವೈವಲ್ ಸ್ಟೋರಿ’ಯ ಆಚೆಗೆ: ‘ಆಡುಜೀವಿತಂ’ ಕಾದಂಬರಿಯ ಕೇಂದ್ರಾಶಯ

ಬೆನ್ಯಾಮಿನ್ ಅವರ ಮಲಯಾಳಂ ಕಾದಂಬರಿ ‘ಆಡುಜೀವಿತಂ’ (2008) ಕುರಿತು ಮಾತು ಬಂದಾಗಲೆಲ್ಲ ‘ಸರ್ವೈವಲ್ ಸ್ಟೋರಿ’, ‘ಟ್ರಯಂಫ್ ಆಫ್ ದ ಹ್ಯೂಮನ್ ಸ್ಪಿರಿಟ್’ ಎಂಬ ಇಂಗ್ಲಿಷ್ ಮಾತುಗಳು ತಾವಾಗಿಯೇ ನಾಲಿಗೆಗೆ ಬರುತ್ತವೆ. ‘ಗೋಟ್ ಡೇಸ್’ ಹೆಸರಿನ ಇಂಗ್ಲಿಷ್ ಅನುವಾದ (2012), ಬ್ಲೆಸ್ಸಿ ನಿರ್ದೇಶನದ ಚಿತ್ರ (2024) ಬಂದ ಮೇಲಂತೂ ಇವು ಇನ್ನಷ್ಟು ರೂಢಿಯಾದವು. ಕೃತಿಯ ಆಶಯವನ್ನು ಈ ಮಾತುಗಳು ತಪ್ಪು ಜಾಗದಲ್ಲಿ ಹುಡುಕಿಸುತ್ತವೆ ಎಂಬುದು ನನ್ನ ವಾದ.

ಕಾದಂಬರಿ ತೆರೆದುಕೊಳ್ಳುವುದು ಮರುಭೂಮಿಯಲ್ಲಲ್ಲ. ರಿಯಾದ್‌ನ ಬತ್ಹಾ ಪೊಲೀಸ್ ಠಾಣೆಯ ಮುಂದೆ, ಮರುಭೂಮಿಯಲ್ಲಿ ಆಡು ಕಾಯುವ ಆಳಾಗಿದ್ದು ತಪ್ಪಿಸಿಕೊಂಡು ಬಂದ ಕಥಾನಾಯಕ ನಜೀಬ್ ಮತ್ತು ಅವನ ಜೊತೆಗಾರ ಹಮೀದ್, ಹೇಗಾದರೂ ತಮ್ಮನ್ನು ಹಿಡಿದು ಒಳಗೆ ಹಾಕಲಿ ಎಂದು ಕಾಯುತ್ತಿರುತ್ತಾರೆ. ಮರಳುಗಾಡನ್ನು ದಾಟಿ ಬದುಕಿ ಬಂದವನು ಜೈಲಿಗಾಗಿ ಹಾತೊರೆಯುವುದು ಏಕೆ? ಕೈಯಲ್ಲಿ ಕಾಗದಪತ್ರವಿಲ್ಲದವನಿಗೆ ಊರು ಸೇರಲು ಉಳಿದಿರುವ ದಾರಿ ಅದೊಂದೇ. ‘ಸರ್ವೈವಲ್’ ಎಂದು ನಾವು ಕರೆಯುವ ಭಾಗವೆಲ್ಲ ಇದರ ನಂತರ, ನೆನಪಾಗಿ ಬರುತ್ತದೆ. ಲೇಖಕರ ಈ ಕ್ರಮವನ್ನು ವಿಮರ್ಶೆ ಗಂಭೀರವಾಗಿ ತೆಗೆದುಕೊಳ್ಳಬೇಕು.

ಸುಮೇಸಿ ಜೈಲಿನ ಗುರುತು ಪರೇಡಿನ ಪ್ರಸಂಗವನ್ನು ನೋಡಿ. ಓಡಿಹೋದ ಆಳುಗಳನ್ನು ಹುಡುಕಿಕೊಂಡು ಯಜಮಾನರು ಅಲ್ಲಿಗೆ ಬರುತ್ತಾರೆ. ಹಮೀದನನ್ನು ಅವನ ಯಜಮಾನ ಎಳೆದೊಯ್ಯುತ್ತಾನೆ. ನಜೀಬನ ಅರ್ಬಾಬ್ (ಯಜಮಾನ) ಕೂಡ ಬರುತ್ತಾನೆ, ಗುರುತು ಹಿಡಿದೂ ಬಿಟ್ಟು ಹೋಗುತ್ತಾನೆ. ನಜೀಬ್ ಅವನ ವೀಸಾದ ಮೇಲೆ ಬಂದವನೇ ಅಲ್ಲ! ವಿಮಾನ ನಿಲ್ದಾಣದಿಂದ ಅವನನ್ನು ಕರೆದೊಯ್ದದ್ದೇ ಮೋಸ. ನಜೀಬನ ಬಿಡುಗಡೆಯನ್ನು ತೀರ್ಮಾನಿಸಿದ್ದು ಅವನ ಛಲವಲ್ಲ, ವೀಸಾದಲ್ಲಿದ್ದ ಬೇರೊಂದು ಹೆಸರು. ಹಮೀದನಲ್ಲಿ ಛಲ ಕಡಿಮೆಯಿತ್ತೆಂದು ಯಾರು ಹೇಳಬಲ್ಲರು?

ಗಲ್ಫಿನಲ್ಲಿ ದುಡಿಯುವ ನಮ್ಮ ಕರಾವಳಿಯವರಿಗೆ ಕಫೀಲ್ (ಪ್ರಾಯೋಜಕ ಯಜಮಾನ), ಇಕಾಮಾ (ವಾಸದ ಪರವಾನಗಿ) ದಿನಬಳಕೆಯ ಮಾತುಗಳು. ದೇಶದೊಳಗೆ ಬರುವುದು, ಇರುವುದು, ಕೆಲಸ ಬದಲಿಸುವುದು, ಊರಿಗೆ ಹೊರಡುವುದು ಎಲ್ಲವನ್ನೂ ಒಬ್ಬ ಯಜಮಾನನ ಒಪ್ಪಿಗೆಗೆ ಕಟ್ಟಿಹಾಕಿದ ಕಫಾಲಾ ಪದ್ಧತಿಯೇ ಈ ಕಾದಂಬರಿಯ ಕೇಂದ್ರ. ‘ಹ್ಯೂಮನ್ ಸ್ಪಿರಿಟ್’ ಎಂದೊಡನೆ ಆ ಪದ್ಧತಿ ಹಿನ್ನೆಲೆಯ ಬಿಸಿಲಿನಷ್ಟೇ ಸಹಜವಾಗಿಬಿಡುತ್ತದೆ. ನೋವುಂಡವನ ತಾಳ್ಮೆಯನ್ನು ಹೊಗಳಿ ನಾವು ಎದ್ದುಹೋಗುತ್ತೇವೆ.

ಸಿದ್ಧ ಹಣೆಪಟ್ಟಿ ಕೃತಿಯ ಕೇಂದ್ರವನ್ನು ಮರೆಮಾಡುವುದು ಇಲ್ಲಿ ಮಾತ್ರವಲ್ಲ. ರಜಾ ಅಲ್‌ಸಾನಿಯಾ ಅವರ ‘ಬನಾತ್ ಅಲ್-ರಿಯಾದ್’ (2005) ಕಾದಂಬರಿಗೂ ‘ಸೌದಿಯ ಸೆಕ್ಸ್ ಅಂಡ್ ದ ಸಿಟಿ’ ಎಂಬ ಹಣೆಪಟ್ಟಿ ಅಂಟಿತು. ನಿಖಾ ಒಪ್ಪಂದಕ್ಕೆ ಸಹಿಯಾಗಿ, ಮದುವೆಯ ಔತಣ ಇನ್ನೂ ಬಾಕಿಯಿರುವಾಗಲೇ ಗಂಡನಿಂದ ತಲಾಖ್ ಪಡೆಯುವ ಸದೀಮಳ ಅತಂತ್ರ ಸ್ಥಿತಿಗೆ ಆ ಹಣೆಪಟ್ಟಿಯಲ್ಲಿ ಜಾಗವೇ ಇಲ್ಲ.

ಮತ್ತೆ ಕಫಾಲಾಕ್ಕೆ ಬರೋಣ. 2021ರ ಮಾರ್ಚ್‌ನಲ್ಲಿ ಸೌದಿ ಸರ್ಕಾರ ಈ ಪದ್ಧತಿಯ ಕೆಲಸ ಬದಲಾವಣೆ ಮತ್ತು ನಿರ್ಗಮನದ ನಿಯಮಗಳನ್ನು ಸಡಿಲಿಸಿತು. ಮನೆಗೆಲಸದವರು, ಖಾಸಗಿ ಚಾಲಕರು, ತೋಟದ ಕೆಲಸಗಾರರ ಜೊತೆಗೆ ಆ ಸುಧಾರಣೆಯಿಂದ ಹೊರಗುಳಿದವರಲ್ಲಿ ನಜೀಬನಂತೆ ಆಡು ಕುರಿ ಕಾಯುವವರೂ ಇದ್ದರು.