ಹೆಸರುಗಳ ಕೌದಿ

ಕೆಲವು ವರ್ಷಗಳ ಹಿಂದೆ ನಮ್ಮ ರಾಜ್ಯೋತ್ಸವದ ದಿನ ಸಭಾಂಗಣದ ಹೊರಗೆ ಉದ್ದನೆಯ ಕ್ಯಾನ್ವಾಸ್ ಹಾಸಿ, ಬಂದವರೆಲ್ಲ ಅದಕ್ಕೆ ಬಣ್ಣ ಹಚ್ಚಬೇಕೆಂದು ಕೇಳಿಕೊಂಡಿದ್ದೆವು. ಕರ್ನಾಟಕದ ನಕಾಶೆಯ ಗೆರೆಗಳನ್ನು ನಾವು ಮೊದಲೇ ಎಳೆದಿದ್ದೆವು. ಮಕ್ಕಳೂ ಅಜ್ಜ-ಅಜ್ಜಿಯರೂ ಕೂಡಿ ಗೆರೆಗಳ ನಡುವೆ ಬಣ್ಣ ತುಂಬಿದರು, ಫೋಟೋ ತೆಗೆಸಿಕೊಂಡರು. ರಾತ್ರಿ ಸಭಾಂಗಣ ಖಾಲಿ ಮಾಡುವಾಗ ಊಟದ ತಟ್ಟೆಗಳ ಜೊತೆ ಅದನ್ನೂ ಸುತ್ತಿ ಕಸಕ್ಕೆ ಹಾಕಿದವನು ನಾನೇ. ಮರುದಿನ ಅದೆಲ್ಲಿ ಎಂದು ಒಬ್ಬರೂ ಕೇಳಲಿಲ್ಲ.

ಜನ ಕೂಡಿ ಮಾಡಿದ ಕಲೆ ಯಾವಾಗ ಉಳಿಯುತ್ತದೆ, ಯಾವಾಗ ಆ ದಿನದ ಗದ್ದಲದೊಡನೆಯೇ ಮುಗಿದುಹೋಗುತ್ತದೆ? 2022ರ ಜೂನ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಪಾರ್ಕ್‌ಗೆ ಹೋದಾಗ ಈ ಪ್ರಶ್ನೆ ಮತ್ತೆ ಎದುರಾಯಿತು. ಏಡ್ಸ್ ಸ್ಮಾರಕ ಕ್ವಿಲ್ಟ್‌ಗೆ 35 ವರ್ಷ ತುಂಬಿದ ಸಂದರ್ಭದಲ್ಲಿ ಅದರ ಸುಮಾರು 3,000 ಪ್ಯಾನೆಲ್‌ಗಳನ್ನು ಅಲ್ಲಿ ಹುಲ್ಲಿನ ಮೇಲೆ ಹಾಸಿದ್ದರು. ಧಾರವಾಡದ ಕಡೆಯವನಾದ ನನ್ನ ಬಾಯಿಗೆ ಮೊದಲು ಬಂದ ಮಾತು ಒಂದೇ: ಇದು ಕೌದಿ!

ಈ ಕೌದಿಯ ಕಥೆ ಶುರುವಾಗುವುದು 1985ರ ನವೆಂಬರ್‌ನಲ್ಲಿ. 1978ರಲ್ಲಿ ಕೊಲೆಯಾದ ಸ್ಯಾನ್ ಫ್ರಾನ್ಸಿಸ್ಕೊದ ಜನಪ್ರತಿನಿಧಿ ಹಾರ್ವೆ ಮಿಲ್ಕ್ ಮತ್ತು ಮೇಯರ್ ಜಾರ್ಜ್ ಮಾಸ್ಕೊನೆ ಅವರ ನೆನಪಿಗೆ ಪ್ರತಿವರ್ಷ ದೀಪದ ಮೆರವಣಿಗೆ ನಡೆಯುತ್ತಿತ್ತು. ಅದೊಂದೇ ನಗರದಲ್ಲಿ ಏಡ್ಸ್‌ನಿಂದ ತೀರಿಕೊಂಡವರ ಸಂಖ್ಯೆ 1,000 ದಾಟಿದ ಸುದ್ದಿ ಆ ವರ್ಷ ಬಂದಿತ್ತು. ಮೆರವಣಿಗೆಯ ಸಂಘಟಕ ಕ್ಲೀವ್ ಜೋನ್ಸ್, ನಿಮ್ಮವರ ಹೆಸರನ್ನು ರಟ್ಟಿನ ಮೇಲೆ ಬರೆಯಿರಿ ಎಂದು ಜನರನ್ನು ಕೇಳಿಕೊಂಡರು. ಕೊನೆಗೆ ಆ ರಟ್ಟುಗಳನ್ನು ಫೆಡರಲ್ ಕಟ್ಟಡದ ಗೋಡೆಗೆ ಅಂಟಿಸಿದರು. ಒಂದರ ಪಕ್ಕ ಒಂದು ಕೂತ ಆ ಹೆಸರುಗಳು ಜೋನ್ಸ್ ಕಣ್ಣಿಗೆ ತೇಪೆ ಹಚ್ಚಿದ ಹೊದಿಕೆಯಂತೆ ಕಂಡವು.

ಅಮೆರಿಕದ ಮನೆಗಳಲ್ಲಿ ಇಂಥ ಹೊದಿಕೆಗೆ ಹಳೆಯ ನಂಟಿದೆ. 19ನೆಯ ಶತಮಾನದ ನಡುವಿನಲ್ಲಿ ಪಶ್ಚಿಮದ ಕಡೆಗೆ ವಲಸೆ ಹೊರಟವರಿಗೆ ನೆರೆಹೊರೆಯ ಹೆಂಗಸರು ತಂತಮ್ಮ ಹೆಸರು ಬರೆದ ತುಂಡುಗಳನ್ನು ಕೂಡಿಸಿ ಕ್ವಿಲ್ಟ್ ಹೊಲಿದುಕೊಡುತ್ತಿದ್ದರು. ಮತ್ತೆಂದೂ ಕಾಣದವರ ಹೆಸರುಗಳನ್ನು ಹೊದ್ದು ಮಲಗುವ ಏರ್ಪಾಡು ಅದು. ಊರು ಬಿಟ್ಟು ಬಂದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಜೋನ್ಸ್ ಮೊದಲ ಪ್ಯಾನೆಲ್ ಅನ್ನು ತಮ್ಮ ಗೆಳೆಯ ಮಾರ್ವಿನ್ ಫೆಲ್ಡ್‌ಮನ್ ಹೆಸರಿನಲ್ಲಿ ಮಾಡಿದರು. 1987ರಲ್ಲಿ ಕ್ಯಾಸ್ಟ್ರೊ ಬಡಾವಣೆಯ ಒಂದು ಅಂಗಡಿ ಮಳಿಗೆಯಲ್ಲಿ ಕೆಲಸ ಆರಂಭವಾಯಿತು. ಯಾರೋ ಹೊಲಿಗೆ ಯಂತ್ರ ಕೊಟ್ಟರು, ಯಾರೋ ಬಟ್ಟೆ ತಂದರು. ಸೂಜಿ ಹಿಡಿದೇ ಗೊತ್ತಿಲ್ಲದವರೂ ಬಂದು ಕೂತರು. ನಿಯಮವಿದ್ದದ್ದು ಅಳತೆಗೆ ಮಾತ್ರ: ಪ್ರತಿ ಪ್ಯಾನೆಲ್ 3 ಅಡಿ ಅಗಲ, 6 ಅಡಿ ಉದ್ದ, ಅಂದರೆ ಸುಮಾರು ಒಂದು ಸಮಾಧಿಯ ಅಳತೆ. ಎಂಟನ್ನು ಕೂಡಿಸಿದರೆ 12 ಅಡಿಯ ಒಂದು ಚೌಕ. ಆ ಅಳತೆಯೊಳಗೆ ಏನು ಬೇಕಾದರೂ ಮಾಡಬಹುದಿತ್ತು. ಜೀನ್ಸ್, ಗುಂಡಿ, ಕಾರಿನ ಕೀಲಿ, ಗೊಂಬೆ, ಮದುವೆಯ ಉಂಗುರ, ಚಿತಾಭಸ್ಮ, ಎಲ್ಲವನ್ನೂ ಜನ ಅದರಲ್ಲಿಟ್ಟು ಹೊಲಿದರು. ಕೆಲವು ಪ್ಯಾನೆಲ್‌ಗಳಲ್ಲಿ ಪೂರ್ತಿ ಹೆಸರಿರಲಿಲ್ಲ, ಏಕೆಂದರೆ ಕಾಯಿಲೆಯ ಹೆಸರು ಹೇಳಲು ಮನೆಯವರು ಅಂಜುತ್ತಿದ್ದ ಕಾಲವದು. ಅಧ್ಯಕ್ಷ ರೇಗನ್ ಈ ರೋಗವನ್ನು ಕುರಿತು ತಮ್ಮ ಮೊದಲ ದೊಡ್ಡ ಭಾಷಣ ಮಾಡಿದ್ದು 1987ರ ಮೇ 31ರಂದು. ಅಷ್ಟರಲ್ಲಿ 20,000ಕ್ಕೂ ಹೆಚ್ಚು ಅಮೆರಿಕನ್ನರು ಸತ್ತಿದ್ದರು.

ಅದೇ ವರ್ಷ ಅಕ್ಟೋಬರ್ 11ರಂದು ವಾಷಿಂಗ್ಟನ್‌ನ ನ್ಯಾಷನಲ್ ಮಾಲ್‌ನಲ್ಲಿ 1,920 ಪ್ಯಾನೆಲ್‌ಗಳನ್ನು ಹಾಸಿದರು. ಬಿಳಿ ಉಡುಪಿನ ಸ್ವಯಂಸೇವಕರು ಮಡಿಕೆಗಳನ್ನು ತಾವರೆಯ ದಳಗಳಂತೆ ಬಿಡಿಸುತ್ತಿದ್ದರೆ, ಇನ್ನೊಂದೆಡೆ ಸತ್ತವರ ಹೆಸರುಗಳನ್ನು ಗಟ್ಟಿಯಾಗಿ ಓದುತ್ತಿದ್ದರು. ಆ ವಾರಾಂತ್ಯ ಸುಮಾರು 5 ಲಕ್ಷ ಜನ ಬಂದರು. ಮರುವರ್ಷ ಪ್ಯಾನೆಲ್‌ಗಳ ಸಂಖ್ಯೆ 8,288ಕ್ಕೆ ಏರಿತು.

ಇದನ್ನು ಎಲ್ಲರೂ ಒಪ್ಪಲಿಲ್ಲ. ಔಷಧಿ ಬೇಕಾದಾಗ ಹೊದಿಕೆ ಹೊಲಿಯುತ್ತ ಅಳುವುದೇಕೆ ಎಂಬುದು ಕೆಲವು ಹೋರಾಟಗಾರರ ವಾದ. 1992ರ ಅಕ್ಟೋಬರ್ 11ರಂದು, ಕ್ವಿಲ್ಟ್ ವಾಷಿಂಗ್ಟನ್‌ನಲ್ಲಿ ಹಾಸಿದ್ದಾಗಲೇ, ಆಕ್ಟ್ ಅಪ್ ಸಂಘಟನೆಯವರು ತಮ್ಮವರ ಚಿತಾಭಸ್ಮವನ್ನು ಒಯ್ದು ಶ್ವೇತಭವನದ ಅಂಗಳಕ್ಕೆ ಎರಚಿದರು. ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಸಿಟ್ಟಿಗೂ ಈ ಹೊಲಿಗೆಗೂ ಮೂಲ ಒಂದೇ ಎಂದು ನನಗೆ ಅನಿಸುತ್ತದೆ: ಸತ್ತವರನ್ನು ಬರಿಯ ಸಂಖ್ಯೆಯಾಗಿ ಬಿಡಲು ಇಬ್ಬರೂ ಒಪ್ಪಲಿಲ್ಲ. ಇಡೀ ಕ್ವಿಲ್ಟ್ ಅನ್ನು ಒಂದೇ ಕಡೆ ಹಾಸಿದ್ದು 1996ರಲ್ಲಿ, ಅದೇ ಕೊನೆ. ಇಂದು ಅದರ ಪ್ಯಾನೆಲ್‌ಗಳು ಸುಮಾರು 50,000, ತೂಕ ಸುಮಾರು 54 ಟನ್.

ನಮ್ಮ ಕೌದಿಗೂ ಕ್ವಿಲ್ಟ್‌ಗೂ ವಂಶದ ಸಂಬಂಧವಿದೆ ಎಂದು ನಾನು ಹೇಳುತ್ತಿಲ್ಲ, ಆದರೆ ಎರಡರ ಬುದ್ಧಿ ಒಂದೇ. ಉತ್ತರ ಕರ್ನಾಟಕದಲ್ಲಿ ಹರಿದ ಸೀರೆ, ಹಳೆಯ ಧೋತರ, ಮಕ್ಕಳ ಅಂಗಿಗಳನ್ನು ಪದರ ಮಾಡಿ ಕೌದಿ ಹೊಲಿಯುತ್ತಾರೆ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಂಗಸರು ಅಂಚಿನಿಂದ ಶುರುಮಾಡಿ ಸುತ್ತು ಹಾಕುತ್ತ ನಡುವಿಗೆ ಬರುತ್ತಾರೆ, ಮೂಲೆಗಳಿಗೆ ಮಡಿಸಿದ ಬಟ್ಟೆಯ ಹೂ ಇಡುತ್ತಾರೆ. ನನ್ನ ಅಜ್ಜಿಯ ಕೌದಿಯಲ್ಲಿ ಯಾವ ತುಂಡು ಯಾರದೆಂದು ಮನೆಯವರಿಗೆಲ್ಲ ಗೊತ್ತಿತ್ತು. ಹೆಸರು ಬರೆದಿರಲಿಲ್ಲ, ಬಟ್ಟೆಯೇ ಹೆಸರಾಗಿತ್ತು.

ಈಗ ನಮ್ಮ ಕ್ಯಾನ್ವಾಸ್‌ಗೆ ಬರುತ್ತೇನೆ. ಅಲ್ಲಿ ಗೆರೆ ನಮ್ಮದು, ಬಣ್ಣ ಮಾತ್ರ ಜನರದು. ಯಾರೂ ತಮ್ಮದೆಂಬುದನ್ನು ಅದರಲ್ಲಿ ಇಟ್ಟಿರಲಿಲ್ಲ, ಆದ್ದರಿಂದ ಯಾರೂ ಅದನ್ನು ಹುಡುಕಿಕೊಂಡು ಬರಲಿಲ್ಲ. ಕ್ವಿಲ್ಟ್‌ನವರು ಅಳತೆಯನ್ನಷ್ಟೇ ಗೊತ್ತುಮಾಡಿ ಉಳಿದದ್ದನ್ನು ಜನರಿಗೆ ಬಿಟ್ಟರು. ಹೊಲಿದಾದ ಮೇಲೆ ಅದನ್ನು ಮಡಿಸಿ, ಕಾದು, ಹರಿದಲ್ಲಿ ತೇಪೆ ಹಾಕುವ ಹೊಣೆಯನ್ನೂ ಹೊತ್ತರು. ಕ್ವಿಲ್ಟ್ ಉಳಿದದ್ದು ಇದರಿಂದ.

2020-21ರಲ್ಲಿ ನಮ್ಮಲ್ಲಿ ಹಲವರು ಊರಿನಲ್ಲಿ ತೀರಿಕೊಂಡ ಅಪ್ಪ-ಅಮ್ಮಂದಿರ ಅಂತ್ಯಕ್ರಿಯೆಯನ್ನು ಫೋನಿನಲ್ಲಿ ನೋಡಿದೆವು. ನಾನೂ ಅವರಲ್ಲೊಬ್ಬ. ಆಮೇಲೆ ಹಬ್ಬಗಳು ಬಂದವು, ನಾವು ಮತ್ತೆ ಸೇರಿದೆವು, ಆದರೆ ಆ ಹೆಸರುಗಳನ್ನು ನಮ್ಮ ಸಭೆಯಲ್ಲಿ ಯಾರೂ ಗಟ್ಟಿಯಾಗಿ ಹೇಳಲಿಲ್ಲ. ಮುಂದಿನ ರಾಜ್ಯೋತ್ಸವಕ್ಕೆ ಒಂದು ಕೌದಿ ಹೊಲಿಯೋಣ ಎಂಬುದು ನನ್ನ ಕೋರಿಕೆ. ಮನೆಗೊಂದು ತುಂಡು, ಒಂದೇ ಅಳತೆ, ಅದರ ಮೇಲೆ ಏನಿರಬೇಕೆಂದು ಆ ಮನೆಯವರೇ ತೀರ್ಮಾನಿಸಲಿ. ಹೊಲಿಯುವುದನ್ನು ಕಲಿಸಲು ನಮ್ಮಲ್ಲೇ ಹಿರಿಯರಿದ್ದಾರೆ. ಮುಗಿದ ಮೇಲೆ ಅದನ್ನು ಇಟ್ಟುಕೊಳ್ಳುವ ಕೆಲಸ ನನಗಿರಲಿ, ನಾನು ತೀರಿಸಬೇಕಾದ ಸಾಲ ಅದು. ಅಮ್ಮನ ಒಂದು ಇಳಕಲ್ ಸೀರೆ ನನ್ನ ಕಪಾಟಿನಲ್ಲಿದೆ. ಅದರ ಸೆರಗಿನಿಂದಲೇ ಮೊದಲ ತುಂಡು ಕತ್ತರಿಸುತ್ತೇನೆ.