ಉದ್ರಿ ಬುಕ್ಕಿನ್ಯಾಗ ನಮ್ಮ ಹೆಸರು

ನಮ್ಮ ಸಿಂಧನೂರು ಹೊರಗಿಂದ ಬಂದವರು ಬೆಳೆಸಿದ ಊರು ನೋಡ್ರಿ. 1953ರಲ್ಲಿ ತುಂಗಭದ್ರಾ ಡ್ಯಾಂ ಆತು, ಮುಂದ ಎಡದಂಡೆ ಕಾಲುವಿ ನೀರು ಬಂತು. ಜೋಳ ಬೆಳಿಯೋ ಎರಿ ಹೊಲದಾಗ ಭತ್ತ ನಿಂತು. ಅದರ ಹಿಂದ ಆಂಧ್ರದ ರೈತರು ಬಂದು ಕ್ಯಾಂಪ್ ಕಟ್ಟಿಕೊಂಡರು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ಸರ್ಕಾರ ಆರ್.ಎಚ್. ಕ್ಯಾಂಪ್‌ಗಳಾಗ ಜಾಗ ಕೊಡ್ತು.

ಜಾಗ ಸಿಕ್ಕರೂ ಊರು ನಮ್ದು ಅನ್ನಿಸಬೇಕಂದ್ರ ಯಾರರ ನಂಬಬೇಕು. ಆ ಕೆಲಸ ಮಾಡಿದ್ದು ಓಣಿ ಕಿರಾಣಿ ಅಂಗಡಿ. ಲಿಂಗಸುಗೂರು ಕಡೆ ಹಟ್ಟಿ ಚಿನ್ನದ ಗಣಿಯವರಿಗೆ ತಿಂಗಳ ಪಗಾರ. ಭತ್ತದವರಿಗೆ ಹಂಗಲ್ಲ, ಸುಗ್ಗಿಗೊಮ್ಮೆ ರೊಕ್ಕ. ನಡುವಿನ ತಿಂಗಳು ಉದ್ರಿ ಮ್ಯಾಲೆನ ಒಲಿ ಹತ್ತತಿತ್ತು. ಉದ್ರಿ ಕೊಡೋನು ಹೆಸರು, ಮನಿ, ಹೊಲ ಎಲ್ಲಾ ಕೇಳಿ ತಿಳ್ಕೋತಿದ್ದ.

ನಾ ಮಸ್ಕಿಯಿಂದ ಸೊಸಿಯಾಗಿ ಬಂದಾಕಿ. 1915ರಲ್ಲಿ ನಮ್ಮ ತವರಿನ ಕಲ್ಲಿನ ಮ್ಯಾಲೆ ಅಶೋಕನ ಹೆಸರು ಸಿಕ್ಕಿತು. ಅದಕ್ಕೂ ಮೊದಲು ಸಿಕ್ಕ ಶಾಸನಗಳಾಗ ‘ದೇವಾನಾಂಪ್ರಿಯ’ ಅಂತ ಬಿರುದಷ್ಟೇ ಇತ್ತು. ರಾಜನ ಗುರುತು ಹಿಡಿಯಾಕೂ ಹೆಸರು ಬೇಕಾತು! ನಂದು ಇಲ್ಲಿ ಮೊದಲು ಬರದದ್ದು ಅಂಗಡಿ ಬುಕ್ಕಿನ್ಯಾಗ, ‘ಮಸ್ಕಿ ಅಕ್ಕೋರು’ ಅಂತ.

ಈಗಿನ ದೊಡ್ಡ ಅಂಗಡಿಗಳಾಗ ತಂಪು ಗಾಳಿ ಅದ, ಬಿಲ್ ಅದ, ಉದ್ರಿ ಇಲ್ಲ. ಕಾಲುವಿಗೆ ಎರಡನೇ ಬೆಳಿಗೆ ನೀರು ಬಿಡದ ವರ್ಷ ಕೂಲಿಯವರ ಮನಿಗೆ ಜೋಳ, ಎಣ್ಣಿ ಕೊಡೋರು ಯಾರು? ಅದಕ್ಕ ಕೈಯಾಗ ರೊಕ್ಕ ಇದ್ದಾಗೂ ಓಣಿ ಅಂಗಡ್ಯಾಗ ಒಂದಿಷ್ಟು ಸಾಮಾನು ತಗೊಳ್ರಿ.