ಆಜ್ಞೆಯಿಲ್ಲದ ನಿಷೇಧ: ೨೦೧೪ರ ಒಂದು ವಿಡಿಯೋ ಆಟದ ಪ್ರಸಂಗ ಮತ್ತು ಪತ್ರಿಕೆಗಳ ಸಾಕ್ಷ್ಯ

೧

ನಿಷೇಧಗಳ ಇತಿಹಾಸವನ್ನು ಬರೆಯಹೊರಟವನಿಗೆ ಸಾಮಾನ್ಯವಾಗಿ ಆಧಾರಗಳ ಕೊರತೆಯಿರುವುದಿಲ್ಲ. ಸರ್ಕಾರವು ಒಂದು ಗ್ರಂಥವನ್ನು ಮುಟ್ಟುಗೋಲು ಹಾಕಿಕೊಂಡರೆ ಅದಕ್ಕೆ ಪ್ರಕಟಣೆಯಿರುತ್ತದೆ. ಚಲನಚಿತ್ರವೊಂದಕ್ಕೆ ೧೯೫೨ರ ಸಿನಿಮಾಟೋಗ್ರಾಫ್ ಅಧಿನಿಯಮದ ಮೇರೆಗೆ ಪ್ರಮಾಣಪತ್ರವನ್ನು ನಿರಾಕರಿಸಿದರೆ ಮಂಡಳಿಯ ಆದೇಶವಿರುತ್ತದೆ. ವ್ಯಾಜ್ಯ ನಡೆದರೆ ತೀರ್ಪು ಉಳಿಯುತ್ತದೆ. ಆದರೆ ಯಾವ ಅಧಿಕಾರಿಯೂ ಆಜ್ಞಾಪಿಸದೆ, ಯಾವ ನ್ಯಾಯಾಲಯವೂ ವಿಚಾರಿಸದೆ, ಕೃತಿಯೊಂದು ಪೇಟೆಯಿಂದ ಮರೆಯಾದರೆ ಇತಿಹಾಸಕಾರನಿಗೆ ಉಳಿಯುವ ಆಧಾರವಾವುದು? ಬಹುಮಟ್ಟಿಗೆ ಪತ್ರಿಕೆಗಳ ವರದಿಯೊಂದೇ. ಆದಕಾರಣ ಅಂಥ ಸಂದರ್ಭಗಳಲ್ಲಿ ಪತ್ರಕರ್ತನು ಏನನ್ನು ಕಂಡು ಬರೆದನು, ಏನನ್ನು ಊಹಿಸಿ ಬರೆದನು ಎಂಬ ವಿವೇಚನೆ ಮುಖ್ಯವಾಗುತ್ತದೆ. ೨೦೧೪ನೆಯ ಇಸವಿಯಲ್ಲಿ ಭಾರತದಲ್ಲಿ ನಡೆದ ಒಂದು ಪ್ರಸಂಗವನ್ನು ತೆಗೆದುಕೊಂಡು ಈ ವಿಷಯವನ್ನು ಪರಿಶೀಲಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

೨

ಕೆನಡಾ ದೇಶದ ಬಯೋವೇರ್ ಸಂಸ್ಥೆ ರಚಿಸಿ, ಅಮೆರಿಕದ ಎಲೆಕ್ಟ್ರಾನಿಕ್ ಆರ್ಟ್ಸ್ ಸಂಸ್ಥೆ ಪ್ರಕಟಿಸಿದ ‘ಡ್ರ್ಯಾಗನ್ ಏಜ್: ಇನ್‌ಕ್ವಿಸಿಷನ್’ ಎಂಬ ಆಟವು ೨೦೧೪ರ ನವೆಂಬರಿನಲ್ಲಿ ಹೊರಬಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ‘ದಿ ಗೇಮ್ ಅವಾರ್ಡ್ಸ್’ ಸಮಾರಂಭದಲ್ಲಿ ಅದಕ್ಕೆ ವರ್ಷದ ಶ್ರೇಷ್ಠ ಆಟವೆಂಬ ಪ್ರಶಸ್ತಿ ಸಂದಿತು. ಕಥಾನಾಯಕನ ಸಹಚರರಲ್ಲಿ ಡೋರಿಯನ್ ಎಂಬ ಪಾತ್ರವು ಪುರುಷರನ್ನು ಮಾತ್ರ ಪ್ರೀತಿಸುವ ಪುರುಷನದು. ಅವನ ತಂದೆಯು ಮಗನ ಸ್ವಭಾವವನ್ನು ಬದಲಿಸಲು ಯತ್ನಿಸಿದ್ದರಿಂದ ಒದಗಿದ ಕಲಹವು ಆ ಪಾತ್ರದ ಕಥೆಯ ತಿರುಳು. ಕ್ರೆಮ್ ಎಂಬ ಮತ್ತೊಂದು ಪಾತ್ರವು ಹೆಣ್ಣಾಗಿ ಹುಟ್ಟಿ ಗಂಡಾಗಿ ಬಾಳುವ ಯೋಧನದು. ಈ ಎರಡೂ ಪಾತ್ರಗಳು ಹಾಸ್ಯಕ್ಕಾಗಿ ಬಂದವಲ್ಲ; ಗಾಂಭೀರ್ಯದಿಂದ ನಿರೂಪಿತವಾದವು.

ಭಾರತದಲ್ಲಿ ಈ ಆಟಕ್ಕಾಗಿ ಹಲವರು ಮುಂಗಡವಾಗಿ ಹಣ ಕಟ್ಟಿದ್ದರು. ಬಿಡುಗಡೆಯ ವೇಳೆಗೆ ಪ್ರಕಾಶಕ ಸಂಸ್ಥೆಯು ಒಂದು ಚಿಕ್ಕ ಪ್ರಕಟಣೆಯನ್ನು ಹೊರಡಿಸಿತು. ಸ್ಥಳೀಯ ಅಶ್ಲೀಲತಾ ಕಾನೂನುಗಳ ಉಲ್ಲಂಘನೆಯಾಗದಂತೆ ಆಟವನ್ನು ಭಾರತದಲ್ಲಿ ಮಾರಾಟದಿಂದ ಹಿಂದೆಗೆದುಕೊಳ್ಳಲಾಗಿದೆ, ಮುಂಗಡ ಕೊಟ್ಟವರಿಗೆ ಹಣವನ್ನು ಹಿಂದಿರುಗಿಸಲಾಗುವುದು ಎಂಬುದೇ ಅದರ ಸಾರ. ಯಾವ ದೃಶ್ಯ, ಯಾವ ಪಾತ್ರ, ಕಾನೂನಿನ ಯಾವ ಕಲಮು ಎಂಬುದನ್ನು ಅದರಲ್ಲಿ ಹೇಳಿರಲಿಲ್ಲ.

ಈ ಮೌನವನ್ನು ಪತ್ರಿಕೆಗಳು ತುಂಬಿದವು. ಆಟಗಳಿಗೇ ಮೀಸಲಾದ ದೇಶವಿದೇಶಗಳ ಪತ್ರಿಕೆಗಳಲ್ಲಿ ಸಲಿಂಗಪ್ರೇಮದ ಪ್ರಸಂಗಗಳೇ ಕಾರಣವೆಂಬ ವ್ಯಾಖ್ಯಾನವು ಬೇಗನೆ ಹರಡಿತು. ಆಟದಲ್ಲಿ ನಗ್ನತೆಯ ದೃಶ್ಯಗಳೂ ಇದ್ದುವೆಂಬುದನ್ನು ಬೇರೆ ಕೆಲವರು ಎತ್ತಿ ತೋರಿಸಿದರು. ಇದೇ ಸಂಸ್ಥೆಯ ೨೦೧೧ರ ‘ಡ್ರ್ಯಾಗನ್ ಏಜ್ ೨’ ಮತ್ತು ೨೦೧೨ರ ‘ಮಾಸ್ ಎಫೆಕ್ಟ್ ೩’ ಆಟಗಳಲ್ಲಿಯೂ ಸಲಿಂಗಪ್ರೇಮವಿದ್ದು, ಅವು ಇಲ್ಲಿ ಮಾರಾಟವಾಗಿದ್ದುವು. ಹಾಗಿದ್ದ ಮೇಲೆ ೨೦೧೪ರಲ್ಲಿ ಹೊಸದಾಗಿ ಬಂದ ಭಯವೇನು?

೩

ಈ ಪ್ರಶ್ನೆಗೆ ಕಾನೂನಿನ ಕಾಲಾನುಕ್ರಮಣಿಕೆಯೇ ಬೆಳಕು ಕೊಡುತ್ತದೆ. ೨೦೦೯ರ ಜುಲೈ ೨ರಂದು ದೆಹಲಿ ಉಚ್ಚ ನ್ಯಾಯಾಲಯವು ಅಂದಿನ ಭಾರತೀಯ ದಂಡ ಸಂಹಿತೆಯ ೩೭೭ನೆಯ ಕಲಮು ವಯಸ್ಕರ ಸಮ್ಮತಿಯ ಸಂಬಂಧಗಳಿಗೆ ಅನ್ವಯಿಸದೆಂದು ತೀರ್ಮಾನಿಸಿತು. ೨೦೧೩ರ ಡಿಸೆಂಬರ್ ೧೧ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ತಳ್ಳಿಹಾಕಿತು. ಮೇಲೆ ಹೇಳಿದ ಎರಡು ಹಿಂದಿನ ಆಟಗಳೂ ಈ ಎರಡು ತೀರ್ಪುಗಳ ನಡುವಿನ ಅವಧಿಗೆ ಸೇರಿದವು; ಹಿಂದೆಗೆದುಕೊಂಡ ಆಟವು ಎರಡನೆಯ ತೀರ್ಪಿನ ಅನಂತರದ್ದು. ಈ ಅನುಕ್ರಮವು ಗಮನಾರ್ಹವಾದುದು. ಆದರೆ ಅನುಕ್ರಮವನ್ನೇ ಕಾರಣವೆಂದು ಭಾವಿಸಲಾಗದು. ೩೭೭ನೆಯ ಕಲಮು ಕೃತ್ಯವನ್ನು ದಂಡಿಸುತ್ತಿತ್ತೇ ಹೊರತು ಚಿತ್ರಣವನ್ನಲ್ಲ. ಚಿತ್ರಣಕ್ಕೆ ಸಂಬಂಧಿಸಿದುದು ೨೯೨ನೆಯ ಕಲಮು. ಅದರ ವಿಷಯದಲ್ಲಿ ೧೯೬೪ರ ರಂಜಿತ್ ಉದೇಶಿ ಮೊಕದ್ದಮೆಯಿಂದ ನಡೆದುಬಂದಿದ್ದ ಇಂಗ್ಲೆಂಡಿನ ಹಳೆಯ ಹಿಕ್ಲಿನ್ ಮಾನದಂಡವನ್ನು ಸರ್ವೋಚ್ಚ ನ್ಯಾಯಾಲಯವು ೨೦೧೪ರ ಫೆಬ್ರವರಿಯಲ್ಲಿ, ಅವೀಕ್ ಸರ್ಕಾರ್ ಮೊಕದ್ದಮೆಯಲ್ಲಿ, ಕೈಬಿಟ್ಟು ಸಮಕಾಲೀನ ಸಮಾಜದ ದೃಷ್ಟಿಯನ್ನೇ ಅಳತೆಗೋಲಾಗಿ ಅಂಗೀಕರಿಸಿತು. ಎಂದರೆ, ಅಶ್ಲೀಲತೆಯ ಕಾನೂನು ಸಡಿಲವಾದ ವರ್ಷದಲ್ಲಿಯೇ ಅಶ್ಲೀಲತೆಯ ಭಯವನ್ನು ಮುಂದೊಡ್ಡಿ ಆಟವನ್ನು ಹಿಂದೆಗೆದುಕೊಳ್ಳಲಾಯಿತು.

ಇದರಿಂದ ವಿದಿತವಾಗುವುದು ಇಷ್ಟು: ಇಲ್ಲಿ ಕೆಲಸಮಾಡಿದುದು ಕಾನೂನಲ್ಲ, ಕಾನೂನಿನ ಬಗೆಗಿನ ವ್ಯಾಪಾರಿಯ ಅಂದಾಜು. ಭಾರತದಲ್ಲಿ ಚಲನಚಿತ್ರಕ್ಕಿರುವಂಥ ಪೂರ್ವಪರಿಶೀಲನೆಯ ಮಂಡಳಿ ಆಗ ಆಟಗಳಿಗೆ ಇರಲಿಲ್ಲ. ಮಂಡಳಿಯಿಲ್ಲದಿರುವುದು ಸ್ವಾತಂತ್ರ್ಯವೆಂದು ಮೇಲುನೋಟಕ್ಕೆ ತೋರುವುದು. ಆದರೆ ಅನುಮತಿ ಕೊಡುವವರಿಲ್ಲದ ಕಡೆ ಅಭಯ ಕೊಡುವವರೂ ಇರುವುದಿಲ್ಲ. ಸಿಂಗಪುರದ ನಿದರ್ಶನ ಇದಕ್ಕೆ ವಿರುದ್ಧವಾಗಿದೆ. ೨೦೦೭ರ ನವೆಂಬರಿನಲ್ಲಿ ಆ ಸರ್ಕಾರವು ‘ಮಾಸ್ ಎಫೆಕ್ಟ್’ ಆಟವನ್ನು, ಅದರಲ್ಲಿದ್ದ ಇಬ್ಬರು ಸ್ತ್ರೀಪಾತ್ರಗಳ ಪ್ರಣಯದೃಶ್ಯದ ಕಾರಣದಿಂದ, ಬಹಿರಂಗವಾಗಿ ನಿಷೇಧಿಸಿತು. ಆಜ್ಞೆ ಬಹಿರಂಗವಾದುದರಿಂದ ಟೀಕೆಯೂ ಬಹಿರಂಗವಾಯಿತು. ಕೆಲವೇ ದಿನಗಳಲ್ಲಿ ನಿಷೇಧವನ್ನು ತೆಗೆದು, ಹದಿನೆಂಟು ವರ್ಷ ಮೀರಿದವರಿಗೆ ಮಾತ್ರ ಎಂಬ ಗುರುತಿನೊಡನೆ ಮಾರಾಟಕ್ಕೆ ಬಿಟ್ಟರು.

ಕರ್ನಾಟಕದಲ್ಲಿಯೇ ಇಂತಹ ಸಾಕ್ಷ್ಯವುಂಟು. ೨೦೧೧ರಲ್ಲಿ ಕರ್ನಾಟಕ ಪೊಲೀಸ್ ಅಧಿನಿಯಮಕ್ಕೆ ಸೇರಿಸಿದ ೩೬ಎ ಕಲಮು ಹಿಜಡಾ ಸಮುದಾಯದವರ ಪಟ್ಟಿಯನ್ನಿಡಲು ಪೊಲೀಸರಿಗೆ ಅವಕಾಶ ಕೊಟ್ಟಿತು. ಬರೆದಿಟ್ಟ ಕಾನೂನಾದುದರಿಂದಲೇ ಅದನ್ನು ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಲು ಸಾಧ್ಯವಾಯಿತು. ೨೦೧೬ರ ತಿದ್ದುಪಡಿಯಲ್ಲಿ ಸಮುದಾಯವನ್ನು ಹೆಸರಿಸಿ ಹೀಗಳೆದ ಪದವು ಬಿಟ್ಟುಹೋಯಿತು. ಬರೆದ ಅನ್ಯಾಯವನ್ನು ಅಳಿಸಬಹುದು. ಬರೆಯದುದನ್ನು ಹಿಡಿಯುವುದೇ ಕಷ್ಟ.

೪

೨೦೧೪ನೆಯ ಇಸವಿಯನ್ನು ಕನ್ನಡದ ಕಡೆಯಿಂದ ನೋಡಿದರೆ ಒಂದು ವೈದೃಶ್ಯ ಕಾಣುತ್ತದೆ. ಆ ವರ್ಷದ ಏಪ್ರಿಲ್ ೧೫ರಂದು ಸರ್ವೋಚ್ಚ ನ್ಯಾಯಾಲಯವು ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳನ್ನು ಎತ್ತಿಹಿಡಿದು ತೃತೀಯ ಲಿಂಗವನ್ನು ಮನ್ನಿಸಿತು. ಅದೇ ವರ್ಷದ ಚಲನಚಿತ್ರಗಳಿಗೆ ಸಂದ ರಾಷ್ಟ್ರಪ್ರಶಸ್ತಿಗಳಲ್ಲಿ ಶ್ರೇಷ್ಠ ನಟನೆಂಬ ಗೌರವವು ಬಿ. ಎಸ್. ಲಿಂಗದೇವರು ನಿರ್ದೇಶಿಸಿದ ‘ನಾನು ಅವನಲ್ಲ, ಅವಳು’ ಚಿತ್ರದ ಸಂಚಾರಿ ವಿಜಯ್ ಅವರಿಗೆ ಲಭಿಸಿತು. ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆಯೇ ಆ ಚಿತ್ರದ ಮೂಲ. ಹಿಂದಿನ ವರ್ಷ ಪ್ರಕಟವಾದ ವಸುಧೇಂದ್ರರ ‘ಮೋಹನಸ್ವಾಮಿ’ ಕಥಾಸಂಕಲನವು ಸಲಿಂಗಪ್ರೇಮಿಯ ಅಂತರಂಗವನ್ನು ಕನ್ನಡ ಓದುಗರ ಮುಂದಿಟ್ಟಿತು. ಜನರು ಓದಿದರು, ನೋಡಿದರು, ವಾದಿಸಿದರು. ಬೃಹನ್ನಳೆಯನ್ನೂ ಶಿಖಂಡಿಯನ್ನೂ ಬಲ್ಲ, ಸವದತ್ತಿಯ ಜೋಗಪ್ಪಗಳನ್ನು ಕಂಡ ಸಮಾಜಕ್ಕೆ ಈ ವಸ್ತುವು ಹೊರಗಿನಿಂದ ಬಂದುದೆಂದು ಹೇಳಲು ಬರುವಂತಿಲ್ಲ. ಆ ಅರಿವಿನ ಜೊತೆಗೆ ತಿರಸ್ಕಾರವೂ ಇತ್ತೆಂಬುದಕ್ಕೆ ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್‌ನ ಕರ್ನಾಟಕ ಶಾಖೆ ೨೦೦೧ ಮತ್ತು ೨೦೦೩ರಲ್ಲಿ ಪ್ರಕಟಿಸಿದ ವರದಿಗಳೇ ಪ್ರಮಾಣ.

ಹೀಗೆ ಕಥೆಗೂ ಚಿತ್ರಕ್ಕೂ ದೊರೆತ ಅವಕಾಶವು ಆಟಕ್ಕೆ ಏಕೆ ದೊರೆಯಲಿಲ್ಲ? ಕಥೆ ಮತ್ತು ಚಿತ್ರಗಳಿಗೆ ಕನ್ನಡ ಪತ್ರಿಕೆಗಳಲ್ಲಿ ವಿಮರ್ಶೆಯ ಪರಂಪರೆಯಿದೆ. ಆಟಕ್ಕೆ ಆ ಸ್ಥಾನ ದೊರೆತಿಲ್ಲವೆಂಬುದು ಒಂದು ಮುಖ್ಯ ಕಾರಣ. ಇದು ಆಟಗಳನ್ನೇ ಅರಿಯದ ನಾಡಲ್ಲ. ಧ್ರುವ ಇಂಟರ್ಯಾಕ್ಟಿವ್ ಸಂಸ್ಥೆ ೧೯೯೭ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿತು. ಆನಿಮೇಷನ್ ಮತ್ತು ಆಟಗಳ ಉದ್ಯಮಕ್ಕಾಗಿ ರಾಜ್ಯ ಸರ್ಕಾರವು ೨೦೧೨ರಲ್ಲಿ ಪ್ರತ್ಯೇಕ ನೀತಿಯನ್ನು ರೂಪಿಸಿತು. ಆದರೂ ಆಟವು ನಮ್ಮಲ್ಲಿ ಸುದ್ದಿಯಾದುದು ಬಹುಮಟ್ಟಿಗೆ ಎರಡು ರೀತಿಯಲ್ಲಿ: ಚಟವೆಂದು, ಇಲ್ಲವೆ ಜೂಜೆಂದು. ೨೦೨೦ರ ಸೆಪ್ಟೆಂಬರಿನಲ್ಲಿ ಪಬ್‌ಜಿ ನಿಷೇಧವಾದಾಗಲೂ, ಹಣ ಒಡ್ಡಿ ಆಡುವ ಆಟಗಳ ವಿರುದ್ಧ ೨೦೨೧ರಲ್ಲಿ ರಾಜ್ಯವು ಮಾಡಿದ ತಿದ್ದುಪಡಿಯನ್ನು ಉಚ್ಚ ನ್ಯಾಯಾಲಯವು ೨೦೨೨ರ ಫೆಬ್ರವರಿಯಲ್ಲಿ ರದ್ದುಗೊಳಿಸಿದಾಗಲೂ ಚರ್ಚೆ ಈ ಎಲ್ಲೆಯನ್ನು ದಾಟಿದುದು ವಿರಳ. ಆಟವೊಂದು ಕಥೆ ಹೇಳುತ್ತದೆ, ಅದರಲ್ಲಿ ಮನುಷ್ಯರ ಚಿತ್ರಣವಿರುತ್ತದೆ ಎಂಬ ತಿಳಿವಳಿಕೆಯಿಲ್ಲದ ಕಡೆ, ಆ ಚಿತ್ರಣವು ಕಾಣೆಯಾದುದನ್ನು ಗಮನಿಸುವವರಾದರೂ ಯಾರು?

ಪಾಶ್ಚಾತ್ಯ ಪತ್ರಿಕೆಗಳ ಸ್ಥಿತಿ ಬೇರೆಯಾಗಿತ್ತು. ಅಲ್ಲಿ ೨೦೧೪ರ ಆಗಸ್ಟಿನಲ್ಲಿ ‘ಗೇಮರ್‌ಗೇಟ್’ ಎಂಬ ವಿವಾದವೆದ್ದಿತು. ಪತ್ರಿಕಾಧರ್ಮದ ಹೆಸರನ್ನು ಹೇಳಿಕೊಂಡು ಹೊರಟ ಆ ಗುಂಪು ಆಟಗಳ ಕ್ಷೇತ್ರದ ಸ್ತ್ರೀಯರನ್ನೂ, ಆಟಗಳಲ್ಲಿ ವೈವಿಧ್ಯ ಬೇಕೆಂದವರನ್ನೂ ಪೀಡಿಸಿತು. ಅಂತಹ ಕಾವಿನಲ್ಲಿ ಭಾರತದ ಸುದ್ದಿಯು ಅವರ ವಾದಕ್ಕೆ ಇನ್ನೊಂದು ಉದಾಹರಣೆಯಾಗಿ ಸಂದಿತು. ಅಶ್ಲೀಲತೆಯ ಕಲಮಿಗೂ ೩೭೭ನೆಯ ಕಲಮಿಗೂ ಇರುವ ಭೇದವನ್ನು ವಿವರಿಸುವ ವ್ಯವಧಾನವು ಅನೇಕರಿಗೆ ಉಳಿಯಲಿಲ್ಲ.

೫

೨೦೧೮ರ ಸೆಪ್ಟೆಂಬರ್ ೬ರಂದು ಸರ್ವೋಚ್ಚ ನ್ಯಾಯಾಲಯವು ವಯಸ್ಕರ ಸಮ್ಮತಿಯ ಸಂಬಂಧಗಳು ಅಪರಾಧವಲ್ಲವೆಂದು ಸಾರಿತು. ಸ್ತ್ರೀಯನ್ನು ಪ್ರೀತಿಸುವ ನಾಯಿಕೆಯುಳ್ಳ ‘ದಿ ಲಾಸ್ಟ್ ಆಫ್ ಅಸ್’ನ ಎರಡನೆಯ ಭಾಗವು ೨೦೨೦ರಲ್ಲಿ ಭಾರತದ ಪೇಟೆಗೆ ಬಂದಿತು. ೨೦೨೪ರಲ್ಲಿ ‘ಡ್ರ್ಯಾಗನ್ ಏಜ್’ ಮಾಲೆಯ ಮುಂದಿನ ಆಟವೂ ಇಲ್ಲಿ ಮಾರಾಟವಾಯಿತು. ಭಯದ ಒಂದು ನೆಪ ಕಳೆದುಹೋಯಿತೆಂಬುದು ನಿಜ. ಆದರೆ ೨೦೧೪ರ ಪ್ರಸಂಗವು ಕಲಿಸುವ ಪಾಠವು ಅದರೊಡನೆ ಕಳೆದುಹೋಗುವುದಿಲ್ಲ.

ಮೇಲೂರು, ಶಿಡ್ಲಘಟ್ಟಗಳ ರೇಷ್ಮೆ ಬೆಳೆಗಾರರ ಮನೆಗಳಿಂದ ನಮ್ಮ ಕಾಲೇಜುಗಳಿಗೆ ಬರುವ ವಿದ್ಯಾರ್ಥಿಗಳು ಮೊಬೈಲಿನಲ್ಲಿ ಆಡುವ ಆಟಗಳನ್ನು ಅವರ ಉಪಾಧ್ಯಾಯರು ಅನೇಕ ವೇಳೆ ಅರಿತಿರುವುದಿಲ್ಲ. ಅವರಲ್ಲಿ ತನ್ನ ಸ್ವಭಾವವನ್ನು ಯಾರಲ್ಲಿಯೂ ಹೇಳಿಕೊಳ್ಳಲಾರದ ಒಬ್ಬನೋ ಒಬ್ಬಳೋ ಇದ್ದಲ್ಲಿ, ಡೋರಿಯನ್ನನಂತಹ ಪಾತ್ರವು ಕಣ್ಣಿಗೆ ಬಿದ್ದುದಕ್ಕೂ ಬೀಳದುದಕ್ಕೂ ಅರ್ಥವಿರುತ್ತದೆ. ಆ ವ್ಯತ್ಯಾಸವನ್ನು ಯಾವ ಸರ್ಕಾರಿ ಕಡತವೂ ದಾಖಲಿಸುವುದಿಲ್ಲ. ಅದನ್ನು ದಾಖಲಿಸಬೇಕಾದವನು ಪತ್ರಕರ್ತ. ಪರೀಕ್ಷಿಸಬೇಕಾದವನು ಇತಿಹಾಸದ ವಿದ್ಯಾರ್ಥಿ. ಪ್ರಕಟಣೆಯೇ ಬೇರೆ, ಊಹೆಯೇ ಬೇರೆ, ಕಾನೂನೇ ಬೇರೆ ಎಂಬ ವಿವೇಕವನ್ನಿಟ್ಟುಕೊಂಡು, ಆಟಗಳ ಬಗೆಗಿನ ವರದಿಗಳನ್ನೂ ಸಂಸ್ಥೆಗಳ ಪ್ರಕಟಣೆಗಳನ್ನೂ ತಾರೀಖುಸಹಿತವಾಗಿ ಸಂಗ್ರಹಿಸುವ ಕೆಲಸವನ್ನು ನಮ್ಮ ಕಾಲೇಜುಗಳ ಇತಿಹಾಸ ಮತ್ತು ಪತ್ರಿಕೋದ್ಯಮ ವಿಭಾಗಗಳು ಕೈಗೊಳ್ಳಬಹುದು. ಇಂಥ ಬರಹಗಳು ಬೇಗ ಅಳಿಯುವ ಸ್ವಭಾವದವು. ಆದಕಾರಣ ಈ ಕೆಲಸವನ್ನು ಮುಂದೂಡುವುದು ಯುಕ್ತವಲ್ಲ.